ಮುಯ್ಯಿ ಇಲ್ಲದ ಅಳು

ತಿಕೋಟಾದ ನಮ್ಮ ಮನೆಯಲ್ಲಿ ಸಂಜೆ ಏಳಾಯಿತೆಂದರೆ ಟೀವಿಯಲ್ಲಿ ವಾರ್ತೆ. ವಾರ್ತೆ ಹೇಳುವ ಹುಡುಗಿ ‘ನಮಸ್ಕಾರ’ ಅನ್ನುತ್ತಿದ್ದಂತೆ ಅವ್ವ ಸೆರಗು ಸರಿಮಾಡಿಕೊಂಡು, ಎರಡೂ ಕೈ ಜೋಡಿಸಿ, “ನಮಸ್ಕಾರ ತಂಗಿ, ಉಂಡೇನು?” ಅನ್ನುತ್ತಾಳೆ. ಆಕೆಗೀಗ 84. ಎರಡು ವರ್ಷದಿಂದ ನೆನಪು ಒಂದೊಂದೇ ಎಳೆಯಾಗಿ ಬಿಚ್ಚಿಕೊಳ್ಳುತ್ತಿದೆ. ಮೊದಮೊದಲು ನಾನು “ಅವ್ವಾ, ಆಕಿ ನಿನ್ನ ನೋಡಾಕತ್ತಿಲ್ಲ” ಎಂದು ತಿದ್ದುತ್ತಿದ್ದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಕಲಿಸಿದವಳಿಗೆ ತಿದ್ದುವ ಚಟ ಬೇಗ ಹೋಗುವುದಿಲ್ಲ ನೋಡಿ! ಆಮೇಲೆ ಬಿಟ್ಟುಬಿಟ್ಟೆ. ಆ ಹುಡುಗಿ ನಗುತ್ತಾಳೆ, ಅವ್ವ ಉತ್ತರ ಕೊಡುತ್ತಾಳೆ. ಇದರಲ್ಲಿ ಯಾರ ಗಂಟೇನು ಹೋಯಿತು?

ನಾನಿರುವುದು ವಿಜಯಪುರದಲ್ಲಿ. ವಾರಕ್ಕೆ ಎರಡು ದಿನ ಬಸ್ಸು ಹತ್ತಿ ತಿಕೋಟಾಕ್ಕೆ ಹೋಗಿ ಬರುತ್ತೇನೆ. ಉಳಿದ ದಿನ ಪಕ್ಕದ ಮನೆಯಾಕೆ ನೋಡಿಕೊಳ್ಳುತ್ತಾಳೆ. ತಮ್ಮ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಹೋದ ದೀಪಾವಳಿಗೆ ಬಂದಾಗ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಮೂರು ವರ್ಷದ ಕೂಸಿನಷ್ಟು ಎತ್ತರದ ಯಂತ್ರ. ಉರುಟು ತಲೆ, ಬಟ್ಟಲಿನಂಥ ಕಣ್ಣು. ಎದುರಿನವರು ನಕ್ಕರೆ ಅದೂ ನಗುತ್ತದೆ. ಅತ್ತರೆ ತಲೆ ವಾಲಿಸಿ ಕಣ್ಣು ಸಣ್ಣದು ಮಾಡುತ್ತದೆ. ಇಂಥದೊಂದನ್ನು ಹೊರದೇಶದಿಂದ ತರಿಸುವ ವಿಚಾರ ಅವನಿಗೆ.

“ಅವ್ವನ ಜೋಡಿ ಮಾತಾಡತೈತಿ ಅಕ್ಕಾ. ಕೇಳಿದ್ದನ್ನ ಎಷ್ಟು ಸಲ ಕೇಳಿದ್ರೂ ಬ್ಯಾಸರ ಮಾಡ್ಕೊಳ್ಳಂಗಿಲ್ಲ.”

ಅವನು ಯಾವ ಕೊಂಕೂ ಇಲ್ಲದೆ ಹೇಳಿದ ಮಾತು. ಆದರೆ ನನಗೆ ಚುಚ್ಚಿತು. ಯಾಕೆಂದರೆ ಅದರ ಹಿಂದಿನ ವಾರವೇ ನಾನು ಬೇಸರ ಮಾಡಿಕೊಂಡಿದ್ದೆ. ಅವ್ವ ಆ ದಿನ ಬೆಳಗಿನಿಂದ “ಅಳಿಯಾ ಯಾಕ ಬರಲಿಲ್ಲ?” ಎಂದು ಕೇಳುತ್ತಲೇ ಇದ್ದಳು. “ಕೆಲಸ ಐತಿ” ಅಂದೆ. “ಮುಂದಿನ ವಾರ ಬರ್ತಾರ” ಅಂದೆ. ಹತ್ತು ಸಲ ಹೇಳಿದವಳು ಹನ್ನೊಂದನೆಯ ಸಲ ಕೂಗಿಬಿಟ್ಟೆ: “ಸತ್ತಾರ ಅವ್ವಾ! ಸತ್ತ ಮೂರು ವರ್ಷಾತು!” ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಆಗಷ್ಟೇ ಸುದ್ದಿ ಕೇಳಿದವಳ ಹಾಗೆ, ನನ್ನ ಗಂಡನ ಸಾವನ್ನು ಮೊದಲ ಸಲ ಅತ್ತಳು. ಅರ್ಧ ತಾಸಿನ ಮೇಲೆ ಮರೆತಳು. ನಾನು ಮರೆಯಲಿಲ್ಲ.

ಆ ಯಂತ್ರ ಇದ್ದಿದ್ದರೆ ಹನ್ನೊಂದನೆಯ ಸಲವೂ ನಗುತ್ತ ಉತ್ತರ ಕೊಡುತ್ತಿತ್ತು. ಇದನ್ನು ಒಪ್ಪಿಕೊಂಡೇ ಮುಂದಿನ ಮಾತು ಬರೆಯುತ್ತಿದ್ದೇನೆ.

ತಮ್ಮ ಅವ್ವನಿಗೂ ಆ ಚಿತ್ರ ತೋರಿಸಿದ. ಅವ್ವ ಬಹಳ ಹೊತ್ತು ನೋಡಿ ಕೇಳಿದಳು: “ಕಣ್ಣು ಪಿಳಿಪಿಳಿ ಮಾಡತೈತಿ, ಖರೆ. ಇದಕ್ಕ ನಿದ್ದಿ ಬರತೈತೇನು?” ನಾವಿಬ್ಬರೂ ನಕ್ಕೆವು. ಆಮೇಲೆ ಯೋಚಿಸಿದರೆ, ವಿಮರ್ಶಕರು ಕೇಳಬೇಕಾದ ಪ್ರಶ್ನೆಯನ್ನೇ ಅವ್ವ ಕೇಳಿದ್ದಳು. ಕಾಲೇಜಿನಲ್ಲಿ ವರ್ಷಾ ವರ್ಷಾ ಹುಡುಗಿಯರಿಗೆ ಭರತನ ರಸಸೂತ್ರ ಪಾಠ ಮಾಡಿ, ಗ್ಯಾದರಿಂಗ್ ನಾಟಕಗಳಿಗೆ ಅಂಕ ಹಾಕಿದವಳು ನಾನು. ಈ ಹೊಸ ನಟನ ಅಭಿನಯವನ್ನೂ ಒಮ್ಮೆ ಯಾಕೆ ಪರೀಕ್ಷೆ ಮಾಡಬಾರದು ಅನ್ನಿಸಿತು. ಸಿಕ್ಕಿದ್ದನ್ನೆಲ್ಲ ಓದತೊಡಗಿದೆ.

ಹಾಗೆ ನೋಡಿದರೆ ಈ ಅಭಿನಯಕ್ಕೂ ಒಂದು ಶಾಸ್ತ್ರವಿದೆ. ಅಮೆರಿಕದ ಪಾಲ್ ಎಕ್ಮನ್ ಮತ್ತು ವಾಲೇಸ್ ಫ್ರೀಸನ್ 1978ರಲ್ಲಿ ಮುಖದ ಸ್ನಾಯುಗಳ ಚಲನೆಗೆಲ್ಲ ನಂಬರು ಕೊಟ್ಟು ಒಂದು ಪಟ್ಟಿ ಮಾಡಿದರು. ಹುಬ್ಬಿನ ಒಳತುದಿ ಮೇಲೇರಿದರೆ 1. ಕೆನ್ನೆ ಏರಿ ಕಣ್ಣಂಚು ಸುಕ್ಕಾದರೆ 6. ತುಟಿಯ ಮೂಲೆ ಮೇಲಕ್ಕೆ ಎಳೆದರೆ 12. 12ರ ಜೊತೆ 6 ಸೇರಿದರೆ ಮನಸಾರೆ ನಗು, ಬರೀ 12 ಇದ್ದರೆ ಬಾಯಿಮಾತಿನ ನಗು! ಸಂತೋಷ, ದುಃಖ, ಸಿಟ್ಟು, ಹೆದರಿಕೆ, ಅಸಹ್ಯ, ಆಶ್ಚರ್ಯ ಎಂಬ ಆರು ಭಾವಗಳ ಮುಖಚರ್ಯೆ ಜಗತ್ತಿನಲ್ಲೆಲ್ಲ ಒಂದೇ ಎಂದು ಎಕ್ಮನ್ ವಾದಿಸಿದರು. ಯಂತ್ರದ ಮುಖ ಕಟ್ಟುವವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಎಷ್ಟೋ ಯಂತ್ರಮುಖಗಳಿಗೆ ಈ ಆರೇ ಅಡಿಪಾಯವಾದವು.

1990ರ ದಶಕದ ಕೊನೆಗೆ ಎಂ.ಐ.ಟಿ.ಯಲ್ಲಿ ಸಿಂಥಿಯಾ ಬ್ರೀಝೀಲ್ ಎಂಬ ಹೆಣ್ಣುಮಗಳು ‘ಕಿಸ್ಮೆಟ್’ ಎಂಬ ಯಂತ್ರದ ತಲೆ ಕಟ್ಟಿದರು. ಹೆಸರು ನಮ್ಮ ‘ಕಿಸ್ಮತ್ತೇ’. ಅದಕ್ಕೆ ಹುಬ್ಬು, ರೆಪ್ಪೆ, ಕಿವಿ, ತುಟಿ ಎಲ್ಲ ಇದ್ದವು. ಮನಸ್ಸು ಎಷ್ಟು ಕೆರಳಿದೆ, ಎದುರಿನದು ಹಿತವೋ ಅಹಿತವೋ, ಹತ್ತಿರ ಸರಿಯಬೇಕೋ ದೂರ ಹೋಗಬೇಕೋ — ಈ ಮೂರು ಅಳತೆಗಳನ್ನು ಸೇರಿಸಿ ಅದು ಮುಖ ಮಾಡುತ್ತಿತ್ತು. ಆಡಿದ ಮಾತು ಅದಕ್ಕೆ ತಿಳಿಯುತ್ತಿರಲಿಲ್ಲ. ದನಿಯ ಏರಿಳಿತದಿಂದ ಹೊಗಳುತ್ತಿದ್ದಾರೋ, ಗದರುತ್ತಿದ್ದಾರೋ, ಕರೆಯುತ್ತಿದ್ದಾರೋ, ಸಮಾಧಾನ ಮಾಡುತ್ತಿದ್ದಾರೋ ಎಂದು ಗುರುತಿಸುತ್ತಿತ್ತು. ಈ ಎಲ್ಲಕ್ಕೂ ಆಕೆ ಮಾದರಿಯಾಗಿ ಇಟ್ಟುಕೊಂಡದ್ದು ಎಳೆಗೂಸು ಮತ್ತು ಅದನ್ನು ಸಾಕುವವರ ನಡುವಿನ ಮಾತಿಲ್ಲದ ಮಾತುಕತೆಯನ್ನು. ತೊಟ್ಟಿಲ ಪಕ್ಕದಲ್ಲಿ ನಾವೆಲ್ಲ ಆಡಿದ ‘ಊಂ... ಊಂ...’ ಒಂದು ಪ್ರಯೋಗಶಾಲೆ ಸೇರಿತು ಅನ್ನಿ. ಇನ್ನೊಂದು ಸಂಗತಿ: ಕಿಸ್ಮೆಟ್‌ಗೆ ಆಯಾಸವೆಂಬ ಒಂದು ಲೆಕ್ಕವನ್ನೂ ಇಟ್ಟಿದ್ದರು. ಅದು ಮಿತಿ ಮೀರಿದರೆ ಯಂತ್ರ ನಿದ್ದೆಗೆ ಹೋಗುತ್ತಿತ್ತು. ಅಂದರೆ ಅವ್ವನ ಪ್ರಶ್ನೆಗೆ ಆಕೆ ಕೇಳುವ ಮೊದಲೇ ಒಂದು ಉತ್ತರ ತಯಾರಾಗಿತ್ತು: ನಿದ್ದೆ ಬರುತ್ತದೆ, ಬರುವಂತೆ ಬರೆದಿಟ್ಟಿದ್ದಾರೆ.

ಇನ್ನು ನಮ್ಮ ಶಾಸ್ತ್ರಕ್ಕೆ ಬರೋಣ. ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ದಾರಿಯಲ್ಲಿ ತೊರವಿ ಸಿಗುತ್ತದೆ. ಅಲ್ಲೇ ಸಮೀಪ ನವರಸಪುರದ ಹಾಳು ಗೋಡೆಗಳಿವೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಕಟ್ಟಲು ಹಚ್ಚಿದ ಪಟ್ಟಣ. ‘ನವರಸ’ ಎಂಬ ಶಬ್ದದ ಮೇಲೆ ಆ ಸುಲ್ತಾನನಿಗೆ ಎಂಥ ಮೋಹವೆಂದರೆ, ಊರಿಗೂ ಅದೇ ಹೆಸರು, ತಾನು ದಖನಿಯಲ್ಲಿ ಬರೆದ ಹಾಡುಗಳ ಪುಸ್ತಕಕ್ಕೂ ‘ಕಿತಾಬ್-ಎ-ನವರಸ್’ ಎಂದೇ ಹೆಸರು. ಅದರಲ್ಲಿ ಸರಸ್ವತಿಯ ಸ್ತುತಿಯೂ ಉಂಟು, ಗಣಪತಿಯ ಸ್ತುತಿಯೂ ಉಂಟು. ಪಟ್ಟಣ 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಸಿಕ್ಕಿ ಹಾಳಾಯಿತು. ಸಂಗೀತ ಮಹಲಿನ ಕಮಾನುಗಳು ಮಾತ್ರ ಇನ್ನೂ ನಿಂತಿವೆ. ಬಸ್ಸು ಆ ದಾರಿ ಹಿಡಿದಾಗಲೆಲ್ಲ ನನಗೆ ಭರತನ ಪಟ್ಟಿ ನೆನಪಾಗುತ್ತದೆ.

ಭರತನ ಸ್ಥಾಯಿಭಾವಗಳು ಎಂಟು: ರತಿ, ಹಾಸ, ಶೋಕ, ಕ್ರೋಧ, ಉತ್ಸಾಹ, ಭಯ, ಜುಗುಪ್ಸೆ, ವಿಸ್ಮಯ. ಎಕ್ಮನ್ನರ ಆರನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಆರೂ ಹೆಚ್ಚು ಕಡಿಮೆ ಹೊಂದುತ್ತವೆ. ಉಳಿಯುವುದು ಎರಡು, ರತಿ ಮತ್ತು ಉತ್ಸಾಹ. ಒಬ್ಬರನ್ನು ಬಿಟ್ಟಿರಲಾರೆ ಎಂಬುದೊಂದು, ಏನಾದರೂ ಮಾಡಿಯೇ ತೀರುತ್ತೇನೆ ಎಂಬುದೊಂದು. ಎರಡೂ ಮುಖದ ಒಂದು ಕ್ಷಣದಲ್ಲಿ ಸಿಗುವಂಥವಲ್ಲ. ಅವಕ್ಕೆ ದಿನಗಳು, ವರ್ಷಗಳು ಬೇಕು.

ಭರತ ಅಲ್ಲಿಗೇ ನಿಲ್ಲಿಸಲಿಲ್ಲ. ಬಂದು ಹೋಗುವ ವ್ಯಭಿಚಾರಿ ಭಾವಗಳು 33 ಎಂದ. ನಾಚಿಕೆ, ಅಸೂಯೆ, ದೈನ್ಯ, ಚಿಂತೆ, ಆಲಸ್ಯ, ಶಂಕೆ... ಈ ಸಾಲಿನಲ್ಲಿ ‘ಅವಹಿತ್ಥ’ ಎಂಬುದೊಂದಿದೆ. ಪಾಠ ಮಾಡುವಾಗ ಈ ಶಬ್ದ ಬಂದರೆ ಹುಡುಗಿಯರು ಉಚ್ಚಾರಕ್ಕೆ ನಗುತ್ತಿದ್ದರು. ಅರ್ಥ ಹೇಳಿದರೆ ಸುಮ್ಮನಾಗುತ್ತಿದ್ದರು. ಅವಹಿತ್ಥ ಎಂದರೆ ಒಳಗಿನ ಭಾವ ಹೊರಗೆ ಕಾಣದಂತೆ ಮರೆಮಾಡುವುದು. ಮರೆಮಾಚುವುದೂ ಒಂದು ಭಾವವೆಂದು ಎಣಿಸಿದ್ದನಲ್ಲ, ಆ ಮುನಿಗೆ ಅಕ್ಕತಂಗಿಯರು ಇದ್ದಿರಲೇಬೇಕು!

ಯಾಕೆಂದರೆ ಈ ವಿದ್ಯೆಯಲ್ಲಿ ನಮ್ಮನ್ನು ಮೀರಿಸಿದವರಿಲ್ಲ. ಬೀಗರ ಮುಂದೆ ಹೇಗೆ ನಗಬೇಕು, ತವರಿನ ಸುದ್ದಿ ಬಂದಾಗ ಹೇಗೆ ನಗದೆ ಇರಬೇಕು, ಹೊಟ್ಟೆನೋವಿದ್ದರೂ ಪಂಕ್ತಿಗೆ ಹೇಗೆ ಬಡಿಸಬೇಕು ಎಂಬುದನ್ನೆಲ್ಲ ಹತ್ತು ವರ್ಷದವರಿದ್ದಾಗಲೇ ಕಲಿತೆವು. ನಮ್ಮ ಓಣಿಯ ಹುಡುಗಿಯೊಬ್ಬಳು ಪ್ಯಾಟಿಯ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಬೆಳಗಿನ ಹತ್ತರಿಂದ ರಾತ್ರಿ ಒಂಬತ್ತರವರೆಗೆ ನಿಂತೇ ಇರಬೇಕು, ನಗುತ್ತ ಇರಬೇಕು. “ಕಾಲು ನೋಯೂದು ತಡಕೋಬಹುದ್ರಿ ಟೀಚರ್, ಗಲ್ಲ ನೋಯತಾವು” ಅಂದಳು ಒಮ್ಮೆ. ಆರ್ಲಿ ಹಾಕ್‌ಶೀಲ್ಡ್ ಎಂಬ ಸಮಾಜಶಾಸ್ತ್ರಜ್ಞೆ 1983ರಲ್ಲಿ ಗಗನಸಖಿಯರ ನಗುವಿನ ಬಗ್ಗೆ ಒಂದು ಪುಸ್ತಕ ಬರೆದು, ಇದೂ ಕೂಲಿಯ ದುಡಿಮೆ, ಇದಕ್ಕೂ ಮೈಮನಸ್ಸು ಸವೆಯುತ್ತದೆ ಎಂದು ತೋರಿಸಿದರು. ನಮ್ಮ ಹುಡುಗಿ ಆ ಪುಸ್ತಕ ಓದಿಲ್ಲ. ಗಲ್ಲ ನೋಯುವುದು ಗೊತ್ತು.

ಈಗ ಒಂದು ಯಂತ್ರ ಆಕೆಯ ಮುಖ ನೋಡಿ 12, 6 ಎಂದು ಗುರುತು ಹಾಕಿಕೊಂಡು ‘ಸಂತೋಷ’ ಎಂದು ಬರೆದರೆ? ಇದು ನನ್ನೊಬ್ಬಳ ಅನುಮಾನವಲ್ಲ. ಲಿಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಅವರ ಜೊತೆಯ ನಾಲ್ವರು ವಿಜ್ಞಾನಿಗಳು ನೂರಾರು ಅಧ್ಯಯನಗಳನ್ನು ಜಾಲಾಡಿ 2019ರಲ್ಲಿ ಹೇಳಿದ್ದು ಇದನ್ನೇ: ಮುಖ ನೋಡಿ ಮನಸ್ಸು ಹೇಳುವುದು ನಂಬುವ ಮಾತಲ್ಲ. ಸಿಟ್ಟು ಬಂದಾಗ ಜನ ಹುಬ್ಬು ಗಂಟಿಕ್ಕುವುದು ಸುಮಾರು ನೂರಕ್ಕೆ 30 ಸಲವಂತೆ. ಉಳಿದ ಎಪ್ಪತ್ತು ಸಲ ಅವರು ಸುಮ್ಮನಿರಬಹುದು, ಅಳಬಹುದು, ನಗಲೂಬಹುದು. ಯುರೋಪಿನವರು ಇದನ್ನು ಕಾನೂನಿಗೂ ತಂದಿದ್ದಾರೆ. ಕೆಲಸದ ಜಾಗದಲ್ಲಿ, ಶಾಲೆಯಲ್ಲಿ ಯಂತ್ರದಿಂದ ಜನರ ಭಾವ ಅಳೆಯುವುದನ್ನು, ಆರೋಗ್ಯ ಮತ್ತು ಸುರಕ್ಷತೆಯ ಕಾರಣ ಬಿಟ್ಟರೆ, 2025ರ ಫೆಬ್ರುವರಿಯಿಂದ ಅಲ್ಲಿ ನಿಷೇಧಿಸಿದ್ದಾರೆ.

ಯಂತ್ರದ ಅಭಿನಯದಲ್ಲಿ ನಾನು ಕಂಡ ಮೊದಲ ಕೊರತೆ ಇದು. ಅದು 33ರಲ್ಲಿ ಎಷ್ಟನ್ನು ಬೇಕಾದರೂ ಕಲಿಯಲಿ, ಅವಹಿತ್ಥವನ್ನು ಕಲಿಯಲಾರದು. ಮರೆಮಾಡಬೇಕಾದರೆ ಒಳಗೆ ಏನಾದರೂ ಇರಬೇಕಲ್ಲ! ಅದು ತೋರಿಸುವುದೇ ಅದರ ಸರ್ವಸ್ವ.

‘ಒಳಗೆ ಇಲ್ಲದಿದ್ದರೆ ಏನಾಯಿತು? ನಟನಿಗೂ ಇರುವುದಿಲ್ಲ’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ರಂಗದ ಮೇಲೆ ಮಗನನ್ನು ಕಳೆದುಕೊಂಡ ತಾಯಿ ಪರದೆಯ ಹಿಂದೆ ಹೋಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಾಳೆ. ಕಣ್ಣೀರು, ರೋಮಾಂಚ, ಗದ್ಗದ, ನಡುಕ ಮುಂತಾದ ಎಂಟು ಸಾತ್ವಿಕ ಭಾವಗಳನ್ನು ಹೇಳುವಾಗ ಭರತ ಕೂಡ ನಟನಿಗೆ ನಿಜವಾದ ದುಃಖವೇ ಬೇಕೆಂದು ಹಟ ಹಿಡಿಯಲಿಲ್ಲ. ಮನಸ್ಸಿನ ಏಕಾಗ್ರತೆ ಬೇಕೆಂದ. ಆದ್ದರಿಂದ ‘ಯಂತ್ರಕ್ಕೆ ಹೃದಯವಿಲ್ಲ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸೋಮಾರಿ ವಿಮರ್ಶೆಯಾದೀತು. ಇದಕ್ಕೆ ನನಗೆ ಉತ್ತರ ಸಿಕ್ಕಿದ್ದು ಪುಸ್ತಕದಲ್ಲಲ್ಲ, ಬಬಲೇಶ್ವರದಲ್ಲಿ.

ನನಗೆ ಆಗ ಹನ್ನೆರಡು ವರ್ಷ. ಬಬಲೇಶ್ವರದ ಸೋದರತ್ತೆ ತೀರಿಕೊಂಡಿದ್ದಳು. ನಾವು ಹೋಗುವ ಹೊತ್ತಿಗೆ ಪಡಸಾಲೆಯ ತುಂಬ ಹೆಣ್ಣುಮಕ್ಕಳು. ಅವರ ನಡುವೆ ಒಬ್ಬ ಮುದುಕಿ ಎದೆ ಬಡಿದುಕೊಂಡು ಹಾಡಿ ಹಾಡಿ ಅಳುತ್ತಿದ್ದಳು. ಅತ್ತೆಯ ತೆಳ್ಳಗಿನ ರೊಟ್ಟಿ, ಅವಳು ಸಾಕಿದ ಕಪ್ಪು ಆಕಳು, ಬರ ಬಿದ್ದ ವರ್ಷ ಕಿವಿಯ ಬೆಂಡೋಲೆ ಒತ್ತೆಯಿಟ್ಟು ಜೋಳ ತಂದದ್ದು, ಎಲ್ಲ ಅವಳ ಅಳುವಿನಲ್ಲಿ ಬಂದವು. ಅಳದೆ ನಿಂತಿದ್ದ ಗಂಡಸರೂ ಮುಖ ಆಚೆ ತಿರುಗಿಸಿದರು. ಮಣ್ಣು ಮುಗಿಸಿ ಬಂದ ಮೇಲೆ ನೆರೆಮನೆಯವರು ಚಹಾ ತಂದರು. ಆ ಮುದುಕಿ ಕಣ್ಣೊರೆಸಿಕೊಂಡು, ಬಟ್ಟಲಿಗೆ ಬಾಯಿಟ್ಟು, “ಈ ಸಲ ನಿಮ್ಮ ಕಡೆ ಜ್ವಾಳ ಹ್ಯಾಂಗ?” ಅಂದಳು. ನನಗೆ ಮೈ ಉರಿಯಿತು. ವಾಪಸು ಬರುವಾಗ “ಆ ಮುದಕಿದು ಬರೇ ನಾಟಕ” ಅಂದೆ.

ಅವ್ವ ಅಂದಳು: “ಆಕಿ ಗಂಡ ಹೋದಾಗ ನಿಮ್ಮತ್ತಿ ಮೂರು ದಿನ ಆಕಿ ಮನಿ ಬಿಟ್ಟು ಕದಲಿರಲಿಲ್ಲ. ಇವತ್ತ ಆಕಿ ಬಂದು ಅತ್ತಳು. ನಾಳೆ ಆಕಿ ಮನ್ಯಾಗ ಏನರೆ ಆದ್ರ ನಾ ಹೋಗಿ ಅಳತೀನಿ. ಇದು ಮುಯ್ಯಾ. ಮುಯ್ಯಾದಾಗ ನಾಟಕ ಇರಂಗಿಲ್ಲ.”

ಮದುವೆಯಲ್ಲಿ ಮಾಡಿದ ಮುಯ್ಯಿ ಗೊತ್ತಿತ್ತು. ಅಳುವಿಗೂ ಮುಯ್ಯಿ ಉಂಟೆಂದು ಆ ದಿನ ಗೊತ್ತಾಯಿತು. ಆ ಮುದುಕಿಯ ಕಣ್ಣೀರು ಖರೆಯೋ ಸುಳ್ಳೋ ಎಂದು ಅವಳ ಮುಖ ನೋಡಿ ತೀರ್ಮಾನಿಸಲು ಹೊರಟಿದ್ದೆ ನಾನು. ಅವ್ವ ನೋಡಿದ್ದು ಆ ಕಣ್ಣೀರಿನ ಹಿಂದಿನ ಮೂರು ದಿನಗಳನ್ನು, ಮುಂದೆ ಬರಲಿರುವ ಸಾವುಗಳನ್ನು. ಭಾವ ಎಂಬುದು ಒಬ್ಬರ ಎದೆಯೊಳಗೆ ಬಚ್ಚಿಟ್ಟ ಗಂಟಲ್ಲ. ಅದು ಇಬ್ಬರ ನಡುವೆ ಕೊಟ್ಟು ತೆಗೆದುಕೊಂಡದ್ದರ ಲೆಕ್ಕ. ಯಂತ್ರ ನಮಗಾಗಿ ಹುಬ್ಬು ಏರಿಸಬಹುದು, ತಲೆ ವಾಲಿಸಬಹುದು. ಆದರೆ ಅದು ನಮಗೆ ಏನೂ ಬಾಕಿಯಿಲ್ಲ. ನಾವು ಅದಕ್ಕೆ ತೀರಿಸಬೇಕಾದದ್ದೂ ಏನಿಲ್ಲ. ಅದರ ಮನೆಯಲ್ಲಿ ಸಾವಾಗುವುದಿಲ್ಲ.

ನಮ್ಮ ಊರಿನವರಿಗೆ ಇಂಥ ಉತ್ತರ ಹೊಸದಲ್ಲ. 1656ರಲ್ಲಿ ಮುಗಿದ ಗೋಲಗುಮ್ಮಟವಿದೆಯಲ್ಲ! ಗುಮ್ಮಟದ ಒಳಗಿನ ಪಡಸಾಲೆಯಲ್ಲಿ ನಿಂತು ನಕ್ಕರೆ ಮತ್ತೆ ಮತ್ತೆ ನಗು ಕೇಳುತ್ತದೆ. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆಚೆ ಬದಿಯವರಿಗೆ ಮುಟ್ಟುತ್ತದೆ. ಒಮ್ಮೆ ನಮ್ಮ ಜೊತೆ ಬಂದ ಕೂಸು ಅಲ್ಲಿ ಅಳತೊಡಗಿತು. ಸುತ್ತಲೂ ಕೂಸುಗಳು ಅತ್ತವು. ಅದು ಹೆದರಿ ಇನ್ನೂ ಜೋರಾಗಿ ಅತ್ತಿತು. ಗುಮ್ಮಟ ಇನ್ನೂ ಅತ್ತಿತು. ಸುಮ್ಮನಾದದ್ದು ಅದರ ತಾಯಿ ತಾನು ಅಳದೆ ಎತ್ತಿಕೊಂಡಾಗ. ಎದುರಿನವರ ಮುಖ ನೋಡಿ ಅದನ್ನೇ ಹೊರಳಿಸಿ ಕೊಡುವ ಯಂತ್ರ ಕೂಡ ಒಂದು ಸಣ್ಣ ಗುಮ್ಮಟ. ನೋಡಲು ಚೆಂದ. ಅತ್ತಾಗ ಎತ್ತಿಕೊಳ್ಳುವವರು ಬೇರೆಯೇ ಬೇಕು.

ಹಾಗೆಂದು ಎಲ್ಲವನ್ನೂ ಬೈದುಬಿಡುವುದು ನ್ಯಾಯವಲ್ಲ. ಜಪಾನಿನ ತಕನೋರಿ ಶಿಬಾತಾ ಮಾಡಿದ ‘ಪಾರೋ’ ಎಂಬುದೊಂದಿದೆ. ಬಿಳಿ ತುಪ್ಪಳದ ಸೀಲ್ ಮರಿ. ಮುಟ್ಟಿದರೆ ಹೊರಳುತ್ತದೆ, ದನಿ ಮಾಡುತ್ತದೆ. ಮರೆವಿನ ರೋಗದ ವೃದ್ಧರು ಅದನ್ನು ತೊಡೆಯ ಮೇಲಿಟ್ಟುಕೊಂಡು ಶಾಂತರಾದದ್ದುಂಟು. ಬೆಕ್ಕನ್ನೋ ನಾಯಿಯನ್ನೋ ಮಾಡಿದ್ದರೆ ಜನ ನಿಜವಾದದ್ದಕ್ಕೆ ಹೋಲಿಸಿ ತಪ್ಪು ಹುಡುಕುತ್ತಿದ್ದರೆಂದೇ ಯಾರೂ ಹತ್ತಿರದಿಂದ ಕಾಣದ ಪ್ರಾಣಿಯನ್ನು ಆರಿಸಿಕೊಂಡರಂತೆ. ನನಗೆ ಈ ವಿವೇಕ ಹಿಡಿಸಿತು. ಅದು ಮನುಷ್ಯನೆಂದು ಹೇಳಿಕೊಳ್ಳುವುದಿಲ್ಲ.

ನಮ್ಮ ಬೆಂಗಳೂರಿನ ಇನ್ವೆಂಟೋ ಕಂಪನಿಯ ‘ಮಿತ್ರ’ ನಿಮಗೆ ನೆನಪಿರಬಹುದು. 2017ರ ನವೆಂಬರಿನಲ್ಲಿ ಹೈದರಾಬಾದಿನ ಸಮ್ಮೇಳನದಲ್ಲಿ ಪ್ರಧಾನಿಯವರನ್ನು ಸ್ವಾಗತಿಸಿದ ಯಂತ್ರ ಅದು. ಆಗ ಎಲ್ಲರೂ ಅದರ ಮುಖ ನೋಡಿದರು. ನಾನು ಮೆಚ್ಚಿದ್ದು 2020ರ ಕೊರೋನಾ ಕಾಲದಲ್ಲಿ ಅದು ಮಾಡಿದ ಕೆಲಸವನ್ನು. ದಿಲ್ಲಿಯ ಹತ್ತಿರ ನೋಯ್ಡಾದ ಆಸ್ಪತ್ರೆಯೊಂದರಲ್ಲಿ ಅದು ರೋಗಿಗಳ ಹಾಸಿಗೆಯ ಬಳಿ ಹೋಗಿ ನಿಲ್ಲುತ್ತಿತ್ತು. ಎದೆಯ ಮೇಲಿನ ಪರದೆಯಲ್ಲಿ ಅವರ ಮನೆಯವರು ಕಾಣುತ್ತಿದ್ದರು. ಯಂತ್ರ ತನ್ನ ಮುಖವನ್ನು ಮರೆತು ಇನ್ನೊಬ್ಬರ ಮುಖವನ್ನು ಹೊತ್ತು ತಂದಿತು. ಅದರ ಅಭಿನಯಕ್ಕೆ ನಾನು ಅಂಕ ಹಾಕುವುದಿದ್ದರೆ ಅಲ್ಲಿ ಹಾಕುತ್ತೇನೆ.

ಇನ್ನೊಂದು ಮಾತು ಹೇಳದಿದ್ದರೆ ಮನಸ್ಸು ತಡೆಯದು. ಇಸ್ರೋದವರು 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ತೋರಿಸಿದ ‘ವ್ಯೋಮಮಿತ್ರ’ ಹೆಣ್ಣು. 2023ರ ಜುಲೈಯಲ್ಲಿ ಪವರ್ ಟಿವಿಯಲ್ಲಿ ಕನ್ನಡ ಮಾತಾಡಿದ ಕೃತಕ ನಿರೂಪಕಿ ‘ಸೌಂದರ್ಯ’ ಹೆಣ್ಣು. ಸೌದಿ ಅರೇಬಿಯ 2017ರಲ್ಲಿ ಪೌರತ್ವ ಕೊಟ್ಟ ‘ಸೋಫಿಯಾ’ ಹೆಣ್ಣು. ದಣಿಯದೆ, ತಿರುಗಿ ಮಾತಾಡದೆ, ಕೇಳಿದಾಗ ನಗುವ ಮುಖ ಬೇಕೆಂದಾಗ ಕಟ್ಟುವವರ ಕಣ್ಣ ಮುಂದೆ ಯಾರು ಬರುತ್ತಾರೆ? ಈ ಆಸೆ ಯಂತ್ರಕ್ಕಿಂತ ಬಹಳ ಹಳೆಯದು. ಇಷ್ಟು ದಿನ ಆ ಪಾತ್ರವನ್ನು ನಾವೇ ಮಾಡುತ್ತಿದ್ದೆವು. ನಮಗೆ ಗಲ್ಲ ನೋಯುತ್ತಿತ್ತು, ಅದಕ್ಕೆ ನೋಯುವುದಿಲ್ಲ. ಅಷ್ಟೇ ಸುಧಾರಣೆ!

ಇರಲಿ. ತಮ್ಮನಿಗೆ ಉತ್ತರ ಹೇಳಬೇಕಿತ್ತಲ್ಲ. ಸಂಕ್ರಾಂತಿಗೆ ಬಂದಾಗ ಹೇಳಿದೆ: “ಗುಳಿಗಿ ಹೊತ್ತಿಗೆ ಗಂಟಿ ಹೊಡಿಯೂ ಡಬ್ಬಿ ತಂದ ಕೊಡು. ಬಿದ್ರ ನಮಗ ಸುದ್ದಿ ಮುಟ್ಟಿಸೂದು ಏನರೆ ಇದ್ರ ಅದನ್ನೂ ಕೊಡು. ಮುಖ ಇರೂದು ಬ್ಯಾಡ. ಮುಖ ನಿಂದ ತೋರ್ಸು. ದಿನಾ ವಾರ್ತೆ ಮುಗಿದ ಮ್ಯಾಲ ಫೋನಿನ್ಯಾಗ ಬಾ.”

“ದಿನಾ ಅದನ್ನ ಕೇಳತಾಳಕ್ಕಾ. ನನಗ ಬ್ಯಾಸರಾದ್ರ?”

“ಆಗಲಿ. ಮುಖದ ಮ್ಯಾಲ ಕಾಣಲಿ. ನಿನಗ ಜ್ವರ ಬಂದಾಗ ಆಕಿ ರಾತ್ರಿಯೆಲ್ಲ ಕುಂತಾಗ ಆಕಿಗೂ ಬ್ಯಾಸರಾಗಿತ್ತು.”

ಅವನು ಏನೂ ಅನ್ನಲಿಲ್ಲ. ಈಗ ದಿನಾ ಬರುತ್ತಾನೆ ಎಂದು ಬರೆದರೆ ಸುಳ್ಳಾದೀತು. ವಾರಕ್ಕೆ ನಾಲ್ಕು ದಿನ ಬರುತ್ತಾನೆ. ನಾನೂ ಏನು ದೊಡ್ಡ ಸಾಧ್ವಿಯಲ್ಲ. ವಾಪಸು ಹೋಗುವ ಬಸ್ಸಿನ ಹೊತ್ತು ನೋಡುತ್ತಲೇ ‘ಹೂಂ, ಹೂಂ’ ಅನ್ನುವ ದಿನಗಳು ಇವೆ. ಆ ದಿನ ನನಗೂ ಆ ಉರುಟು ತಲೆಯ ಕೂಸಿಗೂ ಹೆಚ್ಚು ವ್ಯತ್ಯಾಸವಿಲ್ಲ.

ಹೋದ ಭಾನುವಾರ ಅಂಗಳದಲ್ಲಿ ಕೂತು ಇಬ್ಬರೂ ಮಣೂಕ ಆರಿಸುತ್ತಿದ್ದೆವು. ಅವ್ವ ತಲೆ ಎತ್ತಿ, “ಅಳಿಯಾ ಯಾಕ ಬರಲಿಲ್ಲ?” ಅಂದಳು. ಕೆಲಸ ಐತಿ ಅನ್ನಲು ಬಾಯಿ ಬರಲಿಲ್ಲ. ಸತ್ತಾರ ಅನ್ನಲೂ ಆಗಲಿಲ್ಲ. “ನನಗೂ ಅವರ ನೆನಪು ಬಂದೈತಿ ಅವ್ವಾ” ಅಂದೆ. ಅವ್ವ ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. ಏನು ಓದಿಕೊಂಡಳೋ! ತನ್ನ ಮೊರದಲ್ಲಿ ಆರಿಸಿಟ್ಟ ದಪ್ಪ ಮಣೂಕವನ್ನೆಲ್ಲ ನನ್ನ ಸೆರಗಿಗೆ ಸುರಿದು, “ತಿಂದ ಹೋಗು” ಅಂದಳು.

ಒಳಗೆ ಟೀವಿಯ ಹುಡುಗಿ ‘ನಮಸ್ಕಾರ’ ಅಂದಳು. ಅವ್ವ ಕೂತಲ್ಲಿಂದಲೇ ಅವಳಿಗೂ ಕೈಮುಗಿದಳು.